ಹಳೆಯ ಹೊಲಿಗೆ ಯಂತ್ರದ ದೋಷಪತ್ತೆ

ಹಳೆಯ ಹೊಲಿಗೆ ಯಂತ್ರದ ದೋಷಪತ್ತೆ ಎಂದರೆ ಬಹುಕಾಲ ಬಳಕೆಯಾದ, ಮೂಲೆಯಲ್ಲಿ ಸುಮ್ಮನೆ ಉಳಿದಿದ್ದ ಅಥವಾ ಇನ್ನೊಬ್ಬರಿಂದ ಕೊಂಡ ಹೊಲಿಗೆ ಯಂತ್ರವು ಸರಿಯಾಗಿ ಹೊಲಿಯದಿದ್ದಾಗ ಅದರ ಕಾರಣವನ್ನು ಕ್ರಮವಾಗಿ ಗುರುತಿಸಿ ಸರಿಪಡಿಸುವ ವಿಧಾನ. ಎರಕದ ಕಬ್ಬಿಣದ ಮೈಯುಳ್ಳ, ಕೈಯಿಂದ ಅಥವಾ ಕಾಲಿನಿಂದ ನಡೆಸುವ, ನೇರ ಹೊಲಿಗೆಯ ಮನೆಬಳಕೆಯ ಯಂತ್ರಗಳು ಈ ಲೇಖನದ ವಿಷಯ. ಇಂತಹ ಯಂತ್ರಗಳಲ್ಲಿ ಕಂಡುಬರುವ ಬಹುಪಾಲು ತೊಂದರೆಗಳಿಗೆ ಸವೆತ ಕಾರಣವಲ್ಲ. ತಪ್ಪಾಗಿ ಹಾಕಿದ ಸೂಜಿ, ತಪ್ಪಾಗಿ ಪೋಣಿಸಿದ ದಾರ, ಶಟಲ್‌ನ ಸುತ್ತ ಸೇರಿದ ನೂಲಿನ ಧೂಳು ಮತ್ತು ಒಣಗಿ ಅಂಟಾದ ಎಣ್ಣೆ ಇವೇ ಕಾರಣವಾಗಿರುತ್ತವೆ. ಇದನ್ನು ಅರಿಯದೆ ಎಷ್ಟೋ ಸುಸ್ಥಿತಿಯ ಯಂತ್ರಗಳನ್ನು ಗುಜರಿಗೆ ಹಾಕಲಾಗುತ್ತದೆ. ಹೊಲಿಗೆಯಿಂದಲೇ ಜೀವನ ಸಾಗಿಸುವವರಿಗೆ ಇದು ದುಡಿಮೆಯ ಸಾಧನವನ್ನೇ ಕಳೆದುಕೊಂಡಂತೆ.

ಹಿನ್ನೆಲೆ

ಫ್ರಾನ್ಸಿನ ಬಾರ್ತೆಲೆಮಿ ತಿಮೊನಿಯೆ 1830ರಲ್ಲಿ ಒಂದೇ ದಾರದ ಸರಪಳಿ ಹೊಲಿಗೆಯ ಯಂತ್ರಕ್ಕೆ ಪೇಟೆಂಟ್ ಪಡೆದನು. ಎರಡು ದಾರಗಳನ್ನು ಪರಸ್ಪರ ಹೆಣೆಯುವ ಹೊಲಿಗೆಯ ಯಂತ್ರಕ್ಕೆ ಅಮೆರಿಕದ ಎಲಿಯಾಸ್ ಹೋವ್ 1846ರಲ್ಲಿ ಪೇಟೆಂಟ್ ಪಡೆದನು. 1851ರಲ್ಲಿ ಐಸಾಕ್ ಸಿಂಗರ್ ತನ್ನ ಯಂತ್ರಕ್ಕೆ ಪೇಟೆಂಟ್ ಪಡೆದ ನಂತರ ಹೊಲಿಗೆ ಯಂತ್ರವು ಕ್ರಮೇಣ ಮನೆಮನೆಗೆ ತಲುಪಿತು. ಭಾರತದಲ್ಲಿ ಮೊದಲು ಆಮದಾದ ಸಿಂಗರ್ ಯಂತ್ರಗಳೇ ಹೆಚ್ಚಾಗಿದ್ದವು. 1930ರ ದಶಕದಲ್ಲಿ ಕಲ್ಕತ್ತದ ಜೈ ಎಂಜಿನಿಯರಿಂಗ್ ವರ್ಕ್ಸ್ ‘ಉಷಾ’ ಹೆಸರಿನ ಯಂತ್ರಗಳ ತಯಾರಿಕೆಯನ್ನು ಆರಂಭಿಸಿತು. ಯಂತ್ರಗಳ ವ್ಯಾಮೋಹವನ್ನು ವಿರೋಧಿಸುತ್ತಿದ್ದ ಮಹಾತ್ಮ ಗಾಂಧಿಯವರು 1924ರ ಒಂದು ಸಂವಾದದಲ್ಲಿ ಸಿಂಗರ್ ಹೊಲಿಗೆ ಯಂತ್ರವನ್ನು ಉಪಯುಕ್ತವಾದ ಅಪವಾದವೆಂದು ಹೆಸರಿಸಿದ್ದರು.

ಇಂದು ಹಳೆಯ ಮನೆಗಳಲ್ಲಿ ಕಾಣುವ ಕಪ್ಪು ಮೈಯ ಯಂತ್ರಗಳಲ್ಲಿ ಅನೇಕವು ಸಿಂಗರ್ 15ನೆಯ ವರ್ಗದ ರಚನೆಯನ್ನು ಅನುಸರಿಸುತ್ತವೆ. ಬಿಡಿಭಾಗಗಳ ಅಳತೆ ಬಹುಮಟ್ಟಿಗೆ ಒಂದೇ ಆಗಿರುವುದರಿಂದ ಇವುಗಳ ದುರಸ್ತಿ ಸುಲಭ. ಇವುಗಳಿಗಿಂತ ಹಿಂದಿನ ಕೆಲವು ಯಂತ್ರಗಳಲ್ಲಿ ದೋಣಿಯಾಕಾರದ ಉದ್ದ ಶಟಲ್ ಇರುತ್ತದೆ. ಅವುಗಳ ಬಾಬಿನ್ ಬೇರೆ ಬಗೆಯದು.

ಹೊಲಿಗೆ ಮೂಡುವ ಬಗೆ

ಸೂಜಿಯು ಮೇಲಿನ ದಾರವನ್ನು ಬಟ್ಟೆಯ ಕೆಳಗೆ ಒಯ್ದು ಮತ್ತೆ ಮೇಲೇರಲು ತೊಡಗಿದಾಗ ಅದರ ಹಿಂಬದಿಯಲ್ಲಿ ದಾರದ ಒಂದು ಸಣ್ಣ ಕುಣಿಕೆ ಉಂಟಾಗುತ್ತದೆ. ಅದೇ ಕ್ಷಣದಲ್ಲಿ ಶಟಲ್‌ನ ಮೊನೆ ಆ ಕುಣಿಕೆಯನ್ನು ಹಿಡಿದು ಬಾಬಿನ್ ಕೇಸಿನ ಸುತ್ತ ಸಾಗಿಸುತ್ತದೆ. ಹೀಗೆ ಮೇಲಿನ ದಾರವು ಕೆಳಗಿನ ದಾರವನ್ನು ಸುತ್ತುವರಿಯುತ್ತದೆ. ಬಳಿಕ ದಾರ ಎಳೆಯುವ ಲಿವರ್ ಮೇಲೇರಿ ಹೊಲಿಗೆಯನ್ನು ಬಿಗಿಗೊಳಿಸುತ್ತದೆ. ಸೂಜಿ ಬಟ್ಟೆಯಿಂದ ಹೊರಬಂದಿರುವಾಗ ಫೀಡ್ ಹಲ್ಲುಗಳು ಬಟ್ಟೆಯನ್ನು ಮುಂದಕ್ಕೆ ಸರಿಸುತ್ತವೆ. ಹೊಲಿಗೆ ಸರಿಯಾಗಿದ್ದರೆ ಎರಡು ದಾರಗಳ ಗಂಟು ಬಟ್ಟೆಯ ಪದರಗಳ ನಡುವೆ ಅಡಗಿರುತ್ತದೆ. ಪ್ರತಿಯೊಂದು ದೋಷವನ್ನೂ ಈ ಸರಣಿಯ ಯಾವ ಹಂತ ತಪ್ಪಿದೆ ಎಂಬ ಪ್ರಶ್ನೆಯಿಂದ ಗುರುತಿಸಬಹುದು.

ಪೂರ್ವಸಿದ್ಧತೆ

ಬಹುಕಾಲ ನಿಂತಿದ್ದ ಯಂತ್ರವನ್ನು ತಕ್ಷಣವೇ ವೇಗವಾಗಿ ತುಳಿಯಬಾರದು. ಮೊದಲು ಸೂಜಿ ಮತ್ತು ದಾರಗಳನ್ನು ತೆಗೆದು, ಪ್ರೆಷರ್ ಫುಟ್ಟನ್ನು ಮೇಲೆತ್ತಿ, ಕೈಚಕ್ರವನ್ನು ಹೊಲಿಯುವವರ ಕಡೆಗೆ ನಿಧಾನವಾಗಿ ತಿರುಗಿಸಬೇಕು. ಚಕ್ರ ಅಲುಗದಿದ್ದರೆ ಬಲ ಪ್ರಯೋಗಿಸದೆ, ಎಣ್ಣೆಯ ರಂಧ್ರಗಳಿಗೂ ಲೋಹದ ಭಾಗಗಳು ಪರಸ್ಪರ ಉಜ್ಜುವ ಸ್ಥಳಗಳಿಗೂ ಕೆಲವು ಹನಿ ಸೀಮೆಎಣ್ಣೆ ಬಿಟ್ಟು ಕೆಲವು ಗಂಟೆ ಅಥವಾ ಒಂದು ರಾತ್ರಿ ಕಾಯಬೇಕು. ಅಂಟು ಕರಗಿದ ಮೇಲೆ ಚಕ್ರವನ್ನು ಹಿಂದೆ ಮುಂದೆ ಆಡಿಸಿ, ಹೊರಬಂದ ಕಂದು ಬಣ್ಣದ ಜಿಡ್ಡನ್ನು ಬಟ್ಟೆಯಿಂದ ಒರೆಸಬೇಕು. ಸೀಮೆಎಣ್ಣೆಯು ಜಿಡ್ಡನ್ನು ಕರಗಿಸುತ್ತದೆಯೇ ಹೊರತು ಸವೆತವನ್ನು ತಡೆಯುವುದಿಲ್ಲ. ಆದ್ದರಿಂದ ನಂತರ ಹೊಲಿಗೆ ಯಂತ್ರದ ತೆಳುವಾದ ಎಣ್ಣೆಯನ್ನು ಪ್ರತಿ ಸ್ಥಳಕ್ಕೂ ಒಂದೆರಡು ಹನಿಯಂತೆ ಹಾಕುವುದು ಅವಶ್ಯಕ. ಕೊಬ್ಬರಿ ಎಣ್ಣೆ ಮತ್ತು ಅಡುಗೆ ಎಣ್ಣೆಗಳು ಕಾಲಕ್ರಮೇಣ ಗಟ್ಟಿಯಾಗಿ ಯಂತ್ರವನ್ನು ಹಿಡಿದುಬಿಡುವುದರಿಂದ ಅವುಗಳನ್ನು ಬಳಸಬಾರದು. ಹಳೆಯ ಯಂತ್ರಗಳ ಕಪ್ಪು ಹೊಳಪಿನ ಮೇಲೆ ಸ್ಪಿರಿಟ್ ತಾಗಿದರೆ ಮೆರುಗೂ ಚಿನ್ನದ ಬಣ್ಣದ ಚಿತ್ತಾರವೂ ಕೆಡುತ್ತವೆ.

ಶಟಲ್‌ನ ಭಾಗವನ್ನು ಶುಚಿಗೊಳಿಸಲು ಸೂಜಿಯ ದಂಡವನ್ನು ತುದಿಯವರೆಗೆ ಏರಿಸಿ, ಜಾರುವ ತಗಡನ್ನು ಸರಿಸಿ, ಬಾಬಿನ್ ಕೇಸನ್ನು ಹೊರತೆಗೆಯಬೇಕು. 15ನೆಯ ವರ್ಗದ ಯಂತ್ರಗಳಲ್ಲಿ ಎರಡು ಸಣ್ಣ ಹಿಡಿಕೆಗಳನ್ನು ಹೊರಕ್ಕೆ ತಿರುಗಿಸಿದರೆ ಶಟಲ್ಲನ್ನು ಹಿಡಿದಿಡುವ ಬಳೆಯೂ ಅದರ ಹಿಂದೆ ಶಟಲ್ಲೂ ಹೊರಬರುತ್ತವೆ. ಒಳಗಿನ ಓಣಿಯಲ್ಲಿ ಸಿಕ್ಕಿದ ದಾರದ ಒಂದು ಎಳೆಯೂ ಯಂತ್ರವನ್ನು ನಿಲ್ಲಿಸಬಲ್ಲದು. ಸೂಜಿತಗಡನ್ನು ಬಿಚ್ಚಿ ಫೀಡ್ ಹಲ್ಲುಗಳ ನಡುವೆ ಒತ್ತಿ ಕೂತ ಧೂಳನ್ನು ತೆಗೆದ ಮೇಲೆ ಓಣಿಗೆ ಒಂದು ಹನಿ ಎಣ್ಣೆ ಹಾಕಬೇಕು.

ಸೂಜಿ ಮತ್ತು ಪೋಣಿಸುವಿಕೆ

ಪರೀಕ್ಷೆಯನ್ನು ಯಾವಾಗಲೂ ಹೊಸ ಸೂಜಿಯಿಂದಲೇ ಆರಂಭಿಸಬೇಕು. ಬಾಗಿದ ಅಥವಾ ಮೊಂಡಾದ ಸೂಜಿಯ ದೋಷ ಕಣ್ಣಿಗೆ ಕಾಣದಿರಬಹುದು. ಬಹುಪಾಲು ಮನೆಬಳಕೆಯ ಯಂತ್ರಗಳಿಗೆ 15×1 ಎಂಬ, ಬುಡದ ಒಂದು ಬದಿ ಚಪ್ಪಟೆಯಾಗಿರುವ ಸೂಜಿ ಹೊಂದುತ್ತದೆ. ಕಾರ್ಖಾನೆಯ ಯಂತ್ರಗಳ ದುಂಡು ಬುಡದ ಸೂಜಿಯನ್ನು ಇವುಗಳಿಗೆ ಹಾಕಬಾರದು. ಸೂಜಿಯ ದಪ್ಪವನ್ನು ಎರಡು ಸಂಖ್ಯೆಗಳಲ್ಲಿ ಸೂಚಿಸಲಾಗುತ್ತದೆ: 11 ಅಥವಾ 75 ತೆಳು ಬಟ್ಟೆಗೆ, 14 ಅಥವಾ 90 ಸಾಮಾನ್ಯ ಹತ್ತಿ ಬಟ್ಟೆಗೆ, 16 ಅಥವಾ 100 ದಪ್ಪ ಬಟ್ಟೆಗೆ. ಎರಡನೆಯ ಸಂಖ್ಯೆಯು ಮಿಲಿಮೀಟರಿನ ನೂರನೆಯ ಒಂದು ಭಾಗದ ಲೆಕ್ಕದಲ್ಲಿ ಸೂಜಿಯ ವ್ಯಾಸ.

ಸೂಜಿಯನ್ನು ತಡೆ ಸಿಗುವವರೆಗೆ ಮೇಲಕ್ಕೆ ತಳ್ಳಿ ತಿರುಪನ್ನು ಬಿಗಿಗೊಳಿಸಬೇಕು. ಅದರ ಮೈಮೇಲಿನ ಉದ್ದನೆಯ ಗೀರು ದಾರವು ಒಳಹೋಗುವ ಬದಿಗೂ, ಬುಡದ ಚಪ್ಪಟೆ ಭಾಗ ಅದಕ್ಕೆ ವಿರುದ್ಧ ಬದಿಗೂ ಇರಬೇಕು. ದಾರ ಯಾವ ಬದಿಯಿಂದ ಒಳಹೋಗಬೇಕು ಎಂಬುದನ್ನು ಸೂಜಿಯ ಮೇಲ್ಭಾಗದಲ್ಲಿರುವ ಕೊನೆಯ ದಾರಕೊಕ್ಕೆಯ ಸ್ಥಾನ ತಿಳಿಸುತ್ತದೆ. ದಾರ ಪೋಣಿಸುವಾಗ ಪ್ರೆಷರ್ ಫುಟ್ ಮೇಲಿರಬೇಕು. ಆಗ ಮಾತ್ರ ಟೆನ್ಷನ್ ತಟ್ಟೆಗಳು ಸಡಿಲವಾಗಿದ್ದು ದಾರ ಅವುಗಳ ನಡುವೆ ಸರಿಯಾಗಿ ಕೂರುತ್ತದೆ. ಕೈಯಿಂದ ಎಳೆದರೆ ಸುಲಭವಾಗಿ ತುಂಡಾಗುವ ಹಳೆಯ ದಾರವನ್ನು ಪರೀಕ್ಷೆಗೆ ಬಳಸಬಾರದು.

ಟೆನ್ಷನ್ ಪರೀಕ್ಷೆ

ಮೇಲಿನ ದಾರವನ್ನು ಪೋಣಿಸಿ ಸೂಜಿಯ ಬಳಿ ಎಳೆದು ನೋಡಬೇಕು. ಫುಟ್ ಮೇಲಿದ್ದಾಗ ದಾರ ಸಲೀಸಾಗಿ ಬಂದು, ಕೆಳಗಿಳಿಸಿದಾಗ ಬಿಗಿಯಾದರೆ ಟೆನ್ಷನ್ ಕೆಲಸ ಮಾಡುತ್ತಿದೆ ಎಂದರ್ಥ. ಎರಡೂ ಸ್ಥಿತಿಗಳಲ್ಲಿ ವ್ಯತ್ಯಾಸವಿಲ್ಲದಿದ್ದರೆ ತಟ್ಟೆಗಳ ನಡುವೆ ಧೂಳು ಅಥವಾ ದಾರದ ತುಣುಕು ಸಿಕ್ಕಿರಬಹುದು, ಇಲ್ಲವೇ ತಟ್ಟೆಗಳನ್ನು ಬಿಡಿಸುವ ಕಡ್ಡಿ ಅಂಟಿಕೊಂಡಿರಬಹುದು.

ಕೆಳಗಿನ ದಾರವನ್ನು ಪರೀಕ್ಷಿಸಲು ಬಾಬಿನ್ ತುಂಬಿದ ಕೇಸನ್ನು ದಾರದ ತುದಿಯಿಂದ ತೂಗುಹಾಕಬೇಕು. ಕೇಸ್ ತನ್ನ ಭಾರಕ್ಕೆ ಜಾರದೆ ನಿಂತು, ಕೈಯನ್ನು ಮೆಲ್ಲನೆ ಜಗ್ಗಿದಾಗ ಸ್ವಲ್ಪ ಕೆಳಗಿಳಿದರೆ ಬಿಗಿ ಸರಿಯಾಗಿದೆ. ಈ ಸ್ಥಿತಿಯಲ್ಲಿರುವ ಕೇಸಿನ ತಿರುಪನ್ನು ಮುಟ್ಟದೆ ಮೇಲಿನ ಟೆನ್ಷನ್ನನ್ನು ಮಾತ್ರ ಹೊಂದಿಸಬೇಕು. ಕೇಸಿನ ತಿರುಪನ್ನು ತಿರುಗಿಸಲೇಬೇಕಾದರೆ ಒಂದು ಬಾರಿಗೆ ಕಾಲುಸುತ್ತಿಗಿಂತ ಹೆಚ್ಚು ತಿರುಗಿಸಬಾರದು.

ಮೇಲೆ ಒಂದು ಬಣ್ಣದ, ಕೆಳಗೆ ಇನ್ನೊಂದು ಬಣ್ಣದ ದಾರ ಹಾಕಿ ಎರಡು ಪದರದ ಹತ್ತಿ ಬಟ್ಟೆಯ ಮೇಲೆ ಹೊಲಿದರೆ ದೋಷ ಸ್ಪಷ್ಟವಾಗುತ್ತದೆ. ಕೆಳಗಿನ ಬಣ್ಣ ಮೇಲ್ಭಾಗದಲ್ಲಿ ಚುಕ್ಕೆಗಳಾಗಿ ಕಂಡರೆ ಮೇಲಿನ ದಾರ ಬಿಗಿಯಾಗಿದೆ ಅಥವಾ ಕೆಳಗಿನದು ಸಡಿಲವಾಗಿದೆ. ಮೇಲಿನ ಬಣ್ಣ ಅಡಿಯಲ್ಲಿ ಕಂಡರೆ ಕಾರಣ ಇದರ ತದ್ವಿರುದ್ಧ.

ಸಾಮಾನ್ಯ ದೋಷಗಳು

ಬಟ್ಟೆಯ ಅಡಿಯಲ್ಲಿ ದಾರ ಗೋಜಲಾಗುವುದು: ಗೋಜಲು ಕೆಳಗೆ ಕಾಣುವುದರಿಂದ ಬಾಬಿನ್ನಿನಲ್ಲಿ ದೋಷವಿದೆ ಎಂದು ಭಾವಿಸುವುದು ಸಾಮಾನ್ಯ. ವಾಸ್ತವವಾಗಿ ಅಡಿಯಲ್ಲಿ ಕುಣಿಕೆಗಳಾಗಿ ಉಳಿಯುವುದು ಹೆಚ್ಚಾಗಿ ಮೇಲಿನ ದಾರವೇ. ದಾರ ಟೆನ್ಷನ್ ತಟ್ಟೆಗಳ ನಡುವೆ ಕೂರದಿರುವುದು, ದಾರ ಎಳೆಯುವ ಲಿವರಿನಿಂದ ತಪ್ಪಿರುವುದು ಅಥವಾ ಫುಟ್ಟನ್ನು ಇಳಿಸದೆ ಹೊಲಿದಿರುವುದು ಇದಕ್ಕೆ ಕಾರಣ. ಮೊದಲ ಮೂರು ನಾಲ್ಕು ಹೊಲಿಗೆಗಳವರೆಗೆ ಎರಡೂ ದಾರಗಳ ತುದಿಯನ್ನು ಹಿಂದಕ್ಕೆ ಹಿಡಿದುಕೊಂಡರೆ ಆರಂಭದ ಗೋಜಲು ತಪ್ಪುತ್ತದೆ.

ಹೊಲಿಗೆ ಬಿಡುವುದು: ಸೂಜಿ ತಿರುಗುಮುರುಗಾಗಿರುವುದು, ಪೂರ್ಣ ಮೇಲೇರದಿರುವುದು, ಬಾಗಿರುವುದು ಅಥವಾ ದಾರಕ್ಕೆ ತಕ್ಕ ದಪ್ಪದ್ದಾಗಿಲ್ಲದಿರುವುದು ಮುಖ್ಯ ಕಾರಣಗಳು. ಇವೆಲ್ಲ ಸರಿಯಿದ್ದರೂ ದೋಷ ಉಳಿದರೆ ಶಟಲ್‌ನ ಮೊನೆ ಮೊಂಡಾಗಿದೆಯೇ ಎಂದು ನೋಡಬೇಕು.

ಮೇಲಿನ ದಾರ ತುಂಡಾಗುವುದು: ಅತಿಯಾದ ಬಿಗಿ, ಸೂಜಿಯ ಕಣ್ಣಿನ ಒರಟು, ಸೂಜಿತಗಡಿನ ರಂಧ್ರದ ಅಂಚಿನಲ್ಲಿ ಸೂಜಿ ಬಡಿದು ಉಂಟಾದ ಗೀರು ಅಥವಾ ಶಟಲ್‌ನ ಮೇಲಿನ ಒರಟು ಇದಕ್ಕೆ ಕಾರಣ. ಗೀರುಗಳನ್ನು ಅತಿ ನುಣುಪಾದ ಮರಳು ಕಾಗದದಿಂದ ಎಚ್ಚರಿಕೆಯಿಂದ ತೀಡಬಹುದು. ಆದರೆ ಶಟಲ್‌ನ ಮೊನೆಯನ್ನು ಸವೆಸಬಾರದು.

ಬಟ್ಟೆ ಮುಂದೆ ಸರಿಯದಿರುವುದು: ಹೊಲಿಗೆಯ ಉದ್ದದ ಲಿವರ್ ಸೊನ್ನೆಯಲ್ಲಿರುವುದು, ಹಲ್ಲುಗಳ ನಡುವೆ ಧೂಳು ತುಂಬಿರುವುದು, ಫುಟ್‌ನ ಒತ್ತಡ ಕಡಿಮೆಯಾಗಿರುವುದು ಅಥವಾ ಹಲ್ಲುಗಳು ಸವೆದಿರುವುದು ಕಾರಣ. ಇಂತಹ ಸಮಯದಲ್ಲಿ ಬಟ್ಟೆಯನ್ನು ಕೈಯಿಂದ ಎಳೆದರೆ ಸೂಜಿ ಬಾಗಿ ತಗಡಿಗೆ ಬಡಿಯುತ್ತದೆ.

ಯಂತ್ರ ಭಾರವಾಗಿ ನಡೆಯುವುದು: ಬೆಲ್ಟನ್ನು ಕಳಚಿ ಕೈಚಕ್ರವನ್ನೂ ಕೆಳಗಿನ ದೊಡ್ಡ ಚಕ್ರವನ್ನೂ ಬೇರೆ ಬೇರೆಯಾಗಿ ತಿರುಗಿಸಿದರೆ ದೋಷ ಯಂತ್ರದಲ್ಲಿದೆಯೋ ಸ್ಟ್ಯಾಂಡಿನಲ್ಲಿದೆಯೋ ತಿಳಿಯುತ್ತದೆ. ಎರಡೂ ಹಗುರವಾಗಿ ತಿರುಗಿದರೆ ಬೆಲ್ಟ್ ಅತಿ ಬಿಗಿಯಾಗಿದೆ. ಬಾಬಿನ್ ಸುತ್ತುವ ಗಾಲಿ ಚಕ್ರಕ್ಕೆ ತಾಗಿಕೊಂಡೇ ಇದ್ದರೂ ಯಂತ್ರ ಭಾರವಾಗುತ್ತದೆ.

ಚಕ್ರ ತಿರುಗಿದರೂ ಸೂಜಿ ಚಲಿಸದಿರುವುದು: ಬಾಬಿನ್ ಸುತ್ತಲು ಸಡಿಲಿಸಿದ ಚಕ್ರದ ನಡುವಿನ ತಿರುಪನ್ನು ಮತ್ತೆ ಬಿಗಿಗೊಳಿಸದಿರುವುದು ಸಾಮಾನ್ಯ ಕಾರಣ. ಬಿಗಿಗೊಳಿಸಿದರೂ ಹಿಡಿಯದಿದ್ದರೆ, ಹಿಂದೊಮ್ಮೆ ಬಿಚ್ಚಿದಾಗ ಅದರೊಳಗಿನ ಕಿವಿಯುಳ್ಳ ವಾಷರನ್ನು ತಪ್ಪಾಗಿ ಕೂರಿಸಿರಬಹುದು. ಅದನ್ನು ಅರ್ಧಸುತ್ತು ತಿರುಗಿಸಿ ಕೂರಿಸಿದರೆ ಸರಿಹೋಗುತ್ತದೆ.

ಸೂಜಿ ಮತ್ತು ಶಟಲ್‌ನ ಹೊಂದಾಣಿಕೆ

ಸೂಜಿ ಅತ್ಯಂತ ಕೆಳಗಿನ ಸ್ಥಾನದಿಂದ ಸುಮಾರು 2 ಮಿ.ಮೀ. ಮೇಲೇರಿದಾಗ ಶಟಲ್‌ನ ಮೊನೆ ಸೂಜಿಯ ಕಣ್ಣಿಗಿಂತ ತುಸು ಮೇಲೆ, ಸೂಜಿಗೆ ಬಹು ಸಮೀಪದಲ್ಲಿ ಹಾದುಹೋಗಬೇಕು. ಮನೆಬಳಕೆಯಲ್ಲಿ ಈ ಹೊಂದಾಣಿಕೆ ತಾನಾಗಿ ತಪ್ಪುವುದು ಅಪರೂಪ. ಸೂಜಿಯ ದಂಡವನ್ನು ಹಿಡಿದಿಡುವ ತಿರುಪು ಸಡಿಲವಾಗಿ ದಂಡ ಜಾರಿದ್ದರೆ ಅಥವಾ ಹಿಂದಿನವರು ಬಿಚ್ಚಿ ತಪ್ಪಾಗಿ ಜೋಡಿಸಿದ್ದರೆ ಮಾತ್ರ ಇದನ್ನು ಸರಿಪಡಿಸಬೇಕಾಗುತ್ತದೆ. ದಂಡದ ಮೂಲ ಸ್ಥಾನವನ್ನು ಗುರುತು ಮಾಡಿಕೊಳ್ಳದೆ ಈ ತಿರುಪನ್ನು ಸಡಿಲಿಸಬಾರದು.

ಕೊಳ್ಳುವ ಮುನ್ನ ಪರೀಕ್ಷೆ

ಬಳಸಿದ ಯಂತ್ರವನ್ನು ಕೊಳ್ಳುವಾಗ ಹೊರಮೈಯ ಹೊಳಪಿಗಿಂತ ಕೆಳಗಿನ ಅಂಶಗಳನ್ನು ಗಮನಿಸುವುದು ಉಚಿತ:

- ಕೈಚಕ್ರ ಒಂದು ಪೂರ್ಣ ಸುತ್ತು ಒಂದೇ ಸಮನೆ ತಿರುಗುತ್ತದೆಯೇ.
- ಸೂಜಿಯ ದಂಡವನ್ನು ಬೆರಳಿನಿಂದ ಪಕ್ಕಕ್ಕೆ ಆಡಿಸಿದರೆ ಹೆಚ್ಚು ಅಲುಗುತ್ತದೆಯೇ.
- ಶಟಲ್, ಬಾಬಿನ್ ಕೇಸ್ ಮತ್ತು ಜಾರುವ ತಗಡು ಜೊತೆಗಿವೆಯೇ.
- ಸೂಜಿ ತಗಡಿನ ರಂಧ್ರದ ನಡುವೆ ಇಳಿಯುತ್ತದೆಯೇ.
- ಎರಕದ ಮೈಯಲ್ಲಿ, ವಿಶೇಷವಾಗಿ ತಳಭಾಗದಲ್ಲಿ, ಬಿರುಕು ಇದೆಯೇ.
- ಮೋಟಾರು ಅಳವಡಿಸಿದ್ದರೆ ತಂತಿಯ ಹೊದಿಕೆ ಪುಡಿಯಾಗಿದೆಯೇ.

ಕೊಳ್ಳುವವರು ಹೊಸ ಸೂಜಿ, ಒಳ್ಳೆಯ ದಾರ ಮತ್ತು ಬಟ್ಟೆಯ ತುಂಡನ್ನು ತಾವೇ ಒಯ್ಯುವುದು ಒಳಿತು. ಹೊಲಿಗೆ ಕೆಟ್ಟಿದ್ದರೂ ಮೇಲಿನ ಅಂಶಗಳೆಲ್ಲ ಸರಿಯಿದ್ದರೆ ಯಂತ್ರವು ಸಾಮಾನ್ಯವಾಗಿ ದುರಸ್ತಿಗೆ ಯೋಗ್ಯ. ಸವೆದ ಫೀಡ್ ಹಲ್ಲು, ಶಟಲ್, ಬಾಬಿನ್ ಕೇಸ್, ಟೆನ್ಷನ್ ಸ್ಪ್ರಿಂಗ್ ಮತ್ತು ಬೆಲ್ಟುಗಳನ್ನು ಬದಲಾಯಿಸಬಹುದು. ಮೈಯ ಬಿರುಕು, ಒಳಗಿನ ಮುಖ್ಯ ದಂಡದ ಬಾಗು ಮತ್ತು ಬಿಡಿಭಾಗ ಸಿಗದ ಅಪರೂಪದ ಮಾದರಿಯ ಶಟಲ್‌ನ ಕೊರತೆ ಇವು ಕೈಮೀರಿದ ದೋಷಗಳು.

ಎಚ್ಚರಿಕೆಗಳು

ಸೂಜಿ ಬದಲಿಸುವಾಗ ಮತ್ತು ಶಟಲ್ ತೆಗೆಯುವಾಗ ಕಾಲನ್ನು ಪೆಡಲಿನಿಂದ ದೂರವಿಡಬೇಕು. ಮೋಟಾರು ಇದ್ದರೆ ಪ್ಲಗ್ಗನ್ನು ಕಳಚಬೇಕು. ಸೀಮೆಎಣ್ಣೆಯನ್ನು ಬೆಂಕಿಯಿಂದ ದೂರದಲ್ಲಿ, ಗಾಳಿಯಾಡುವ ಸ್ಥಳದಲ್ಲಿ ಬಳಸಬೇಕು. ಒಂದು ಬಾರಿಗೆ ಒಂದೇ ಬದಲಾವಣೆ ಮಾಡಿ ಹೊಲಿದು ನೋಡಬೇಕು. ಹಲವು ತಿರುಪುಗಳನ್ನು ಒಟ್ಟಿಗೆ ತಿರುಗಿಸಿದರೆ ಮೂಲ ದೋಷವನ್ನು ಪತ್ತೆಹಚ್ಚುವುದು ಕಷ್ಟವಾಗುತ್ತದೆ. ಎಣ್ಣೆ ಹಾಕಿದ ಯಂತ್ರದಲ್ಲಿ ಮೊದಲು ಹಳೆಯ ಬಟ್ಟೆಯ ಮೇಲೆ ಕೆಲವು ಸಾಲು ಹೊಲಿದು, ಕಲೆ ಬೀಳುವುದು ನಿಂತ ನಂತರವೇ ಒಳ್ಳೆಯ ಬಟ್ಟೆಯನ್ನು ಹೊಲಿಯಬೇಕು.