ಇಟಾಸ್ಕಾ: ಮಿಸಿಸಿಪ್ಪಿಯ ಉಗಮ ಸರೋವರ, ಅದರ ಕಾಡು ಮತ್ತು ಅದರ ಹೆಸರುಗಳು

ಇಟಾಸ್ಕಾ ಸ್ಟೇಟ್ ಪಾರ್ಕ್ ಅಮೆರಿಕ ಸಂಯುಕ್ತ ಸಂಸ್ಥಾನದ ಮಿನ್ನೆಸೋಟಾ ರಾಜ್ಯದ ಉತ್ತರ ಭಾಗದಲ್ಲಿರುವ ಅರಣ್ಯೋದ್ಯಾನ. ಮಿಸಿಸಿಪ್ಪಿ ಮಹಾನದಿಯ ಉಗಮಸ್ಥಾನವೆಂದು ಪಠ್ಯಪುಸ್ತಕಗಳೂ ಭೂಪಟಗಳೂ ತೋರಿಸುವ ಇಟಾಸ್ಕಾ ಸರೋವರ ಈ ಉದ್ಯಾನದೊಳಗಿದೆ. 1891ರ ಏಪ್ರಿಲ್ 20ರಂದು ಸ್ಥಾಪನೆಯಾದ ಇದು ಆ ರಾಜ್ಯದ ಅತ್ಯಂತ ಹಳೆಯ ಸ್ಟೇಟ್ ಪಾರ್ಕ್. ಇದರ ವಿಸ್ತಾರ 32,000 ಎಕರೆಗೂ ಹೆಚ್ಚು. ಒಳಗೆ ಸಣ್ಣವು ದೊಡ್ಡವು ಸೇರಿ ನೂರಕ್ಕೂ ಮಿಕ್ಕಿ ಸರೋವರಗಳಿವೆ. ಪ್ರತಿ ವರ್ಷ ಸಾವಿರಾರು ಕುಟುಂಬಗಳು ಮಕ್ಕಳೊಡನೆ ಬಂದು ಪೈನ್ ಮರಗಳ ನಡುವೆ ಗುಡಾರ ಹಾಕಿ ಕೆಲವು ದಿನ ತಂಗುತ್ತವೆ. ಒಂದು ಊರಿನ ಹೆಸರು ಹೇಗೆ ಬದಲಾಗುತ್ತದೆ, ಬದಲಾದ ಬಳಿಕ ಹಳೆಯ ಹೆಸರು ಎಲ್ಲಿ ಉಳಿಯುತ್ತದೆ ಎಂಬ ಪ್ರಶ್ನೆಗೂ ಈ ಸರೋವರ ಒಳ್ಳೆಯ ಉದಾಹರಣೆ. ಗಡಿನಾಡಿನ ಕನ್ನಡ ಶಾಲೆಗಳ ವಿದ್ಯಾರ್ಥಿಗಳು ಇದನ್ನು ತಿಳಿಯಬೇಕಾದ ಮುಖ್ಯ ಕಾರಣವೂ ಅದೇ.

ಸ್ಟೇಟ್ ಪಾರ್ಕ್ ಎಂದರೇನು?

ಅಮೆರಿಕದಲ್ಲಿ ರಾಷ್ಟ್ರೀಯ ಉದ್ಯಾನಗಳನ್ನು ಕೇಂದ್ರ ಸರಕಾರವೂ ಸ್ಟೇಟ್ ಪಾರ್ಕುಗಳನ್ನು ಆಯಾ ರಾಜ್ಯ ಸರಕಾರಗಳೂ ನಡೆಸುತ್ತವೆ. ಇಟಾಸ್ಕಾವನ್ನು ನೋಡಿಕೊಳ್ಳುವುದು ಮಿನ್ನೆಸೋಟಾ ರಾಜ್ಯದ ನೈಸರ್ಗಿಕ ಸಂಪನ್ಮೂಲ ಇಲಾಖೆ. ನಮ್ಮ ದೇಶದ ರಾಷ್ಟ್ರೀಯ ಉದ್ಯಾನಗಳೂ ಅಭಯಾರಣ್ಯಗಳೂ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಗೆ ಒಳಪಟ್ಟಿವೆ. ಅನುಮತಿಯಿಲ್ಲದೆ ಅಲ್ಲಿ ಕಾಲಿಡುವಂತಿಲ್ಲ, ಮನಬಂದಲ್ಲಿ ತಂಗುವಂತಿಲ್ಲ. ಸ್ಟೇಟ್ ಪಾರ್ಕಿನ ಕಲ್ಪನೆ ಇದಕ್ಕಿಂತ ತುಸು ಬೇರೆ. ಕಾಡನ್ನು ಕಾಯುವುದರ ಜೊತೆಗೆ ಸಾಮಾನ್ಯ ಜನರು ಕಡಿಮೆ ವೆಚ್ಚದಲ್ಲಿ ಅಲ್ಲಿ ತಂಗಿ, ನಡೆದು, ಕಲಿತು ಹೋಗುವಂತೆ ಮಾಡುವುದೂ ಅದರ ಉದ್ದೇಶ. ಈ ಎರಡು ಉದ್ದೇಶಗಳನ್ನು ಹೊಂದಿಸಲು ನಿಯಮಗಳು ಬೇಕಾಗುತ್ತವೆ. ಅವನ್ನು ಮುಂದೆ ನೋಡೋಣ.

ನದಿ ಹುಟ್ಟುವ ಸ್ಥಳ

ಸುಮಾರು 1,100 ಎಕರೆ ಹರಡಿರುವ ಇಟಾಸ್ಕಾ ಸರೋವರವು ಸಮುದ್ರಮಟ್ಟದಿಂದ 1,475 ಅಡಿ ಎತ್ತರದಲ್ಲಿದೆ. ಅದರ ಉತ್ತರ ತುದಿಯಲ್ಲಿ ಸಾಲುಗಲ್ಲುಗಳ ಮೇಲಿನಿಂದ ನೀರು ಹೊರಗೆ ಹರಿಯುತ್ತದೆ. ಅಲ್ಲಿ ಹೊಳೆಯ ಅಗಲ ಇಪ್ಪತ್ತು ಅಡಿಯ ಆಸುಪಾಸು, ಆಳ ಮೊಣಕಾಲಿನವರೆಗೆ. ಮಕ್ಕಳು ಆ ಕಲ್ಲುಗಳ ಮೇಲೆ ಕಾಲಿಟ್ಟು ಮಿಸಿಸಿಪ್ಪಿಯನ್ನು ದಾಟುತ್ತಾರೆ. ದಕ್ಷಿಣದ ಸಮುದ್ರವನ್ನು ಸೇರಬೇಕಾದ ಈ ನದಿ ಇಲ್ಲಿಂದ ಮೊದಲು ಉತ್ತರಕ್ಕೆ ಹರಿಯುತ್ತದೆ. ಬೆಮಿಜಿ ಪಟ್ಟಣದ ಬಳಿಯ ಸರೋವರವನ್ನು ಹೊಕ್ಕು ಪೂರ್ವಕ್ಕೆ ತಿರುಗಿ, ಆಮೇಲೆ ದಕ್ಷಿಣದ ದಾರಿ ಹಿಡಿಯುತ್ತದೆ. ಹತ್ತು ರಾಜ್ಯಗಳನ್ನು ಮುಟ್ಟಿ, ಸುಮಾರು 3,700 ಕಿಲೋಮೀಟರ್ ಕ್ರಮಿಸಿ ಮೆಕ್ಸಿಕೋ ಕೊಲ್ಲಿಯನ್ನು ಸೇರುತ್ತದೆ. ಇಲ್ಲಿ ಹೊರಟ ನೀರು ಅಲ್ಲಿಗೆ ತಲುಪಲು ಸುಮಾರು 90 ದಿನ ಬೇಕೆಂದು ಲೆಕ್ಕ ಹಾಕಿದ್ದಾರೆ.

ಒಂದು ಸಂಗತಿಯನ್ನು ಗಮನಿಸಬೇಕು. ಇಂದು ಕಾಣುವ ಉಗಮಸ್ಥಾನ ಪೂರ್ಣವಾಗಿ ಪ್ರಕೃತಿಯ ಕೈಕೆಲಸವಲ್ಲ. ಮೊದಲು ಇಲ್ಲಿ ಕೆಸರು ತುಂಬಿದ ಜೌಗು ಇತ್ತು. 1930ರ ದಶಕದ ಆರ್ಥಿಕ ಮುಗ್ಗಟ್ಟಿನ ಕಾಲದಲ್ಲಿ ನಿರುದ್ಯೋಗಿ ಯುವಕರಿಗಾಗಿ ಅಮೆರಿಕ ಸರಕಾರ ರಚಿಸಿದ ಕೆಲಸಗಾರರ ದಳ ಜೌಗನ್ನು ತುಂಬಿ, ಕಾಲುವೆಯನ್ನು ತಿದ್ದಿ, ಕಲ್ಲುಗಳನ್ನು ಜೋಡಿಸಿತು. ಉದ್ಯಾನದ ದಪ್ಪ ದಿಮ್ಮಿಗಳ ಹಲವು ಕಟ್ಟಡಗಳನ್ನು ನಿರ್ಮಿಸಿದವರೂ ಇವರೇ.

ಗುಡಾರದ ವಾಸ: ನಿಯಮಗಳು ಮತ್ತು ಕಾರಣಗಳು

ಉದ್ಯಾನದಲ್ಲಿ ‘ಬೇರ್ ಪಾ’ ಮತ್ತು ‘ಪೈನ್ ರಿಜ್’ ಎಂಬ ಎರಡು ಶಿಬಿರತಾಣಗಳಿವೆ; ಗುಡಾರ ಹಾಕಲು ಇನ್ನೂರಕ್ಕೂ ಹೆಚ್ಚು ಜಾಗಗಳನ್ನು ಗುರುತಿಸಲಾಗಿದೆ. ಪ್ರತಿ ಜಾಗಕ್ಕೂ ಸಂಖ್ಯೆ, ಮರದ ಮೇಜು, ಬೆಂಕಿ ಹಾಕಲು ಕಬ್ಬಿಣದ ಬಳೆ ಇರುತ್ತವೆ. ಮುಂಗಡವಾಗಿ ಜಾಗ ಕಾದಿರಿಸಬೇಕು. ವಾಹನಕ್ಕೆ ಪ್ರವೇಶಪತ್ರ ಪಡೆಯಬೇಕು. ಕಾರು ಹೋಗದ ಒಳಕಾಡಿಗೆ ನಡೆದೇ ಹೋಗಿ ತಂಗಬಯಸುವವರಿಗೆ ಬೇರೆ ಜಾಗಗಳಿವೆ.

ಬೆಂಕಿಯನ್ನು ಆ ಕಬ್ಬಿಣದ ಬಳೆಯೊಳಗೆ ಮಾತ್ರ ಹೊತ್ತಿಸಬೇಕು. ಮಲಗುವ ಮುನ್ನ ನೀರು ಸುರಿದು ಪೂರ್ಣವಾಗಿ ಆರಿಸಬೇಕು. ಬಿದ್ದ ಕೊಂಬೆಗಳನ್ನು ಕಾಡಿನಲ್ಲಿ ಆಯುವಂತಿಲ್ಲ. ದೂರದ ಊರಿನಿಂದ ಸೌದೆ ತರುವುದೂ ನಿಷಿದ್ಧ. ಇದರ ಹಿಂದೆ ಸ್ಪಷ್ಟವಾದ ಕಾರಣವಿದೆ. ಏಷ್ಯಾ ಮೂಲದ ಒಂದು ಹಸಿರು ಕೊರಕ ದುಂಬಿ 2002ರಲ್ಲಿ ಉತ್ತರ ಅಮೆರಿಕದಲ್ಲಿ ಪತ್ತೆಯಾಯಿತು. ಅದರ ಮರಿಹುಳುಗಳು ಆ್ಯಶ್ ಎಂಬ ಮರದ ತೊಗಟೆಯ ಅಡಿಯಲ್ಲಿ ಕೊರೆದು ಮರವನ್ನೇ ಕೊಲ್ಲುತ್ತವೆ. ಸೌದೆಯ ಜೊತೆಗೆ ಹುಳು ಊರಿಂದೂರಿಗೆ ಪ್ರಯಾಣ ಮಾಡುತ್ತದೆ. ಆದ್ದರಿಂದ ಪರಿಶೀಲಿಸಿ ಒಪ್ಪಿಗೆ ನೀಡಿದ ಸೌದೆಯನ್ನಷ್ಟೇ ಬಳಸಬೇಕು.

ಕಪ್ಪು ಕರಡಿಗಳಿರುವ ಕಾಡಾದ ಕಾರಣ ಆಹಾರವನ್ನು ಗುಡಾರದಲ್ಲಿ ಇಡಬಾರದು, ವಾಹನದೊಳಗೆ ಭದ್ರಪಡಿಸಬೇಕು. ಮನುಷ್ಯರ ತಿನಿಸಿನ ರುಚಿ ಹತ್ತಿದ ಕರಡಿ ಮತ್ತೆ ಮತ್ತೆ ಬರುತ್ತದೆ. ಕೊನೆಗೆ ಅದರ ಪ್ರಾಣಕ್ಕೇ ಸಂಚಕಾರ. ಹುಲ್ಲಿನಲ್ಲಿ ಉಣುಗುಗಳಿರುವುದರಿಂದ ಉದ್ದ ತೋಳಿನ ಅಂಗಿ ತೊಟ್ಟು, ಸಂಜೆ ಮೈಯನ್ನು ಪರೀಕ್ಷಿಸಿಕೊಳ್ಳಬೇಕು. ಅಲ್ಲಿ ಲೈಮ್ ಎಂಬ ರೋಗ ಉಣುಗಿನಿಂದ ಹರಡುತ್ತದೆ. ಪಶ್ಚಿಮ ಘಟ್ಟದ ಮಂಗನ ಕಾಯಿಲೆಯನ್ನು ಬಲ್ಲ ವಯನಾಡಿನ ಓದುಗರಿಗೆ ಈ ಎಚ್ಚರಿಕೆ ಹೊಸದಲ್ಲ. ರಾತ್ರಿ ಹತ್ತರ ಬಳಿಕ ಸದ್ದು ಮಾಡುವಂತಿಲ್ಲ. ಆಗ ಸರೋವರದ ನಡುವಿನಿಂದ ಲೂನ್ ಎಂಬ ನೀರುಹಕ್ಕಿಯ ನೀಳ ಕೂಗು ಕೇಳುತ್ತದೆ. ಅದು ಆ ರಾಜ್ಯದ ಅಧಿಕೃತ ಪಕ್ಷಿ.

ಕಾಡು ಉಳಿದ ಬಗೆ

ಹತ್ತೊಂಬತ್ತನೆಯ ಶತಮಾನದ ಕೊನೆಗೆ ಮಿನ್ನೆಸೋಟಾದ ಪೈನ್ ಕಾಡುಗಳು ಮರದ ಕಂಪೆನಿಗಳ ಕೊಡಲಿಗೆ ವೇಗವಾಗಿ ಬಲಿಯಾಗುತ್ತಿದ್ದವು. ಜೇಕಬ್ ಬ್ರೋವರ್ ಎಂಬ ಸಂಶೋಧಕ ನದಿಯ ಮೂಲವನ್ನು ನಿರ್ಣಯಿಸಲೆಂದು 1889ರಲ್ಲಿ ಈ ಪ್ರದೇಶವನ್ನು ಸರ್ವೇಕ್ಷಣೆ ಮಾಡಿದರು. ಅಳತೆಯ ಕೆಲಸಕ್ಕೆ ಬಂದವರು ಕಾಡಿನ ಗತಿಯನ್ನು ಕಂಡು ಅದರ ರಕ್ಷಣೆಗೆ ನಿಂತರು. ಅವರ ಪ್ರಯತ್ನದಿಂದ ಶಾಸನಸಭೆಯಲ್ಲಿ ಉದ್ಯಾನದ ಮಸೂದೆ ಒಂದೇ ಒಂದು ಮತದ ಅಂತರದಿಂದ ಅಂಗೀಕಾರವಾಯಿತು. ಆದರೂ ಒಳಗಿನ ಭೂಮಿಯ ದೊಡ್ಡ ಭಾಗ ಖಾಸಗಿಯವರ ಕೈಯಲ್ಲೇ ಇದ್ದುದರಿಂದ ಮರಕಡಿತ ಕೂಡಲೇ ನಿಲ್ಲಲಿಲ್ಲ.

1903ರಲ್ಲಿ ಮೇರಿ ಗಿಬ್ಸ್ ಎಂಬ 24 ವರ್ಷದ ಯುವತಿ, ತಂದೆಯ ಮರಣಾನಂತರ ಉದ್ಯಾನದ ಅಧಿಕಾರಿಯಾದರು. ದಿಮ್ಮಿಗಳನ್ನು ತೇಲಿಸಿ ಸಾಗಿಸಲು ಕಂಪೆನಿಯವರು ಕಟ್ಟಿದ್ದ ಅಣೆಕಟ್ಟಿನಿಂದ ಸರೋವರದ ನೀರು ಏರಿ ದಂಡೆಯ ಮರಗಳು ಮುಳುಗುತ್ತಿದ್ದವು. ತೂಬು ತೆರೆಯುವಂತೆ ಆಜ್ಞಾಪಿಸಲು ಹೋದ ಅವರನ್ನು ಬಂದೂಕು ತೋರಿಸಿ ಬೆದರಿಸಲಾಯಿತು. ಅವರು ಹಿಂಜರಿಯಲಿಲ್ಲ. ಅಧಿಕಾರದಲ್ಲಿ ಅವರು ಹೆಚ್ಚು ಕಾಲ ಉಳಿಯಲಿಲ್ಲವಾದರೂ ಇಂದು ಉಗಮಸ್ಥಾನದ ಬಳಿಯ ಮಾಹಿತಿ ಕೇಂದ್ರಕ್ಕೆ ಅವರ ಹೆಸರಿದೆ. ಉದ್ಯಾನದ ಮುಖ್ಯ ಕೇಂದ್ರಕ್ಕೆ ಬ್ರೋವರ್ ಹೆಸರಿದೆ.

ಉಳಿದ ಕಾಡಿಗೆ ಮತ್ತೊಂದು ಕಷ್ಟ ಎದುರಾಯಿತು. ಕೆಂಪು ಪೈನ್ ಮರದ ಬೀಜ ಮೊಳೆಯಲು ತರಗೆಲೆಯಿಲ್ಲದ ಬರಿ ಮಣ್ಣೂ ಬಿಸಿಲೂ ಬೇಕು. ಹಿಂದೆ ಆಗಾಗ ನೆಲಮಟ್ಟದಲ್ಲಿ ಹರಿದುಹೋಗುತ್ತಿದ್ದ ಕಾಡುಬೆಂಕಿ ಅದನ್ನು ಒದಗಿಸುತ್ತಿತ್ತು. ದಪ್ಪ ತೊಗಟೆಯ ಹಿರಿಮರಗಳು ಆ ಬೆಂಕಿಯನ್ನು ತಾಳಿಕೊಳ್ಳುತ್ತಿದ್ದವು. ಬೆಂಕಿಯನ್ನು ಪೂರ್ಣವಾಗಿ ತಡೆದ ಮೇಲೆ ಹೊಸ ಸಸಿಗಳು ಹುಟ್ಟಲಿಲ್ಲ. ಹುಟ್ಟಿದ ಎಳೆಯ ಸಸಿಗಳನ್ನು ಹೆಚ್ಚಿದ ಜಿಂಕೆಗಳು ಮೇದವು. ಈಗ ತಜ್ಞರು ಋತು, ಗಾಳಿ ನೋಡಿ ನಿಯಂತ್ರಿತವಾಗಿ ನೆಲಬೆಂಕಿ ಹಾಕುತ್ತಾರೆ. ಕಾಡಿಗೆ ಬೇಲಿ ಹಾಕಿದ ಮಾತ್ರಕ್ಕೆ ರಕ್ಷಣೆ ಮುಗಿಯುವುದಿಲ್ಲ ಎಂಬುದನ್ನು ಇಟಾಸ್ಕಾ ತಡವಾಗಿ ಕಲಿಯಿತು.

ಸರೋವರದ ಮೂರು ಹೆಸರುಗಳು

ಇಲ್ಲಿ ಮನುಷ್ಯವಾಸ ಬಹಳ ಪುರಾತನ. ಸುಮಾರು 8,000 ವರ್ಷಗಳ ಹಿಂದೆ ಬೇಟೆಗಾರರು ಕಾಡೆಮ್ಮೆಯ ಜಾತಿಯ ಬೈಸನ್‌ಗಳನ್ನು ಕೊಂದ ನೆಲೆ ಉದ್ಯಾನದೊಳಗೆ ಉತ್ಖನನದಲ್ಲಿ ದೊರೆತಿದೆ. ಸರೋವರದ ಬಳಿ ಆದಿಜನರ ಸಮಾಧಿ ದಿಬ್ಬಗಳಿವೆ. ನಂತರದ ಶತಮಾನಗಳಲ್ಲಿ ಇದು ಡಕೋಟಾ, ಆಮೇಲೆ ಓಜಿಬ್ವೆ ಜನರ ನಾಡಾಯಿತು. ಓಜಿಬ್ವೆಯರು ಸರೋವರವನ್ನು ತಮ್ಮ ಭಾಷೆಯಲ್ಲಿ ‘ಎಲ್ಕ್ ಜಿಂಕೆಯ ಸರೋವರ’ ಎಂಬ ಅರ್ಥದಲ್ಲಿ ಒಮಷ್ಕೋಜೋ-ಜಾಗಇಗನ್ ಎಂದು ಕರೆಯುತ್ತಿದ್ದರು. ತುಪ್ಪಳದ ವ್ಯಾಪಾರಕ್ಕೆ ಬಂದ ಫ್ರೆಂಚರು ಇದನ್ನೇ ಅನುವಾದಿಸಿ ‘ಲಾಕ್ ಲಾ ಬಿಶ್’ ಎಂದರು. ಎರಡು ಭಾಷೆಗಳಾದರೂ ಅರ್ಥ ಒಂದೇ ಉಳಿದಿತ್ತು.

1832ರ ಜುಲೈ 13ರಂದು ಹೆನ್ರಿ ಸ್ಕೂಲ್‌ಕ್ರಾಫ್ಟ್ ಎಂಬ ಅಮೆರಿಕನ್ ಅಧಿಕಾರಿ ಇಲ್ಲಿಗೆ ಬಂದರು. ದೋಣಿಯ ದಾರಿ ತೋರಿಸಿ ಅವರನ್ನು ಕರೆತಂದವರು ಓಜಿಬ್ವೆ ಮುಖಂಡ ಓಜಾವಿಂಡಿಬ್. ದಾರಿ ತೋರಿಸಿದವರ ಭಾಷೆಯಲ್ಲಿ ಹೆಸರಿದ್ದ ಸರೋವರಕ್ಕೆ ಸ್ಕೂಲ್‌ಕ್ರಾಫ್ಟ್ ಹೊಸ ಹೆಸರು ಕಟ್ಟಿದರು. ಸತ್ಯ, ಶಿರಸ್ಸು ಎಂಬ ಅರ್ಥದ ‘ವೆರಿಟಾಸ್’, ‘ಕಾಪುಟ್’ ಎಂಬ ಎರಡು ಲ್ಯಾಟಿನ್ ಪದಗಳನ್ನು ತೆಗೆದುಕೊಂಡು, ಮೊದಲನೆಯದರ ತುದಿಯ ‘ಇಟಾಸ್’ ಮತ್ತು ಎರಡನೆಯದರ ಆರಂಭದ ‘ಕಾ’ ಸೇರಿಸಿ ‘ಇಟಾಸ್ಕಾ’ ಮಾಡಿದರು. ಕೇಳಲು ಸ್ಥಳೀಯ ಪದದಂತಿದ್ದ ಈ ಹೆಸರಿನ ಸುತ್ತ ಆದಿವಾಸಿ ಕನ್ಯೆಯೊಬ್ಬಳ ಕಟ್ಟುಕಥೆಯೂ ಹಬ್ಬಿತು. ಊರಿನ ನಿಜವಾದ ಹೆಸರು ಹೋಗಿ, ಆ ಊರಿನದೇ ಎಂಬಂತೆ ತೋರುವ ಪರಕೀಯ ಹೆಸರು ನಿಂತಿತು. 1855ರ ಒಪ್ಪಂದದಲ್ಲಿ ಈ ಸೀಮೆಯ ಭೂಮಿಯೂ ಓಜಿಬ್ವೆಯರ ಕೈಬಿಟ್ಟಿತು.

ಸ್ಕೂಲ್‌ಕ್ರಾಫ್ಟ್ ಅವರ ಪತ್ನಿ ಜೇನ್ ಜಾನ್‌ಸ್ಟನ್ ತಾಯಿಯ ಕಡೆಯಿಂದ ಓಜಿಬ್ವೆ ಮೂಲದವರು. ಇಂಗ್ಲಿಷ್ ಮತ್ತು ಓಜಿಬ್ವೆ ಎರಡರಲ್ಲೂ ಕವಿತೆ ಬರೆದವರು. 1839ರಲ್ಲಿ ಮಕ್ಕಳಿಬ್ಬರನ್ನು ದೂರದ ವಸತಿಶಾಲೆಗಳಲ್ಲಿ ಬಿಟ್ಟು ಬರಬೇಕಾಗಿ ಬಂದಾಗ ಆ ಸಂಕಟವನ್ನು ಅವರು ಬರೆದದ್ದು ಓಜಿಬ್ವೆಯಲ್ಲಿ. ಮುಂದೆ, ಆ ಶತಮಾನದ ಕೊನೆಯ ಭಾಗದಿಂದ, ಆದಿಜನರ ಮಕ್ಕಳನ್ನು ಸೇರಿಸಿಕೊಂಡ ಸರಕಾರಿ ವಸತಿಶಾಲೆಗಳಲ್ಲಿ ತಾಯ್ನುಡಿಯಾಡುವುದನ್ನೇ ನಿಷೇಧಿಸಲಾಯಿತು. ಭಾಷೆಯ ಕೊಂಡಿ ಕಳಚಿದ್ದು ಹೆಚ್ಚಾಗಿ ಅಲ್ಲಿಯೇ.

ಮರಳಿ ಬರುತ್ತಿರುವ ಭಾಷೆ

ಆದರೂ ಭಾಷೆ ಅಳಿಯಲಿಲ್ಲ. ಮಿಸಿಸಿಪ್ಪಿ ಎಂಬ ಹೆಸರೇ ‘ಹಿರಿಯ ನದಿ’ ಎಂಬ ಅರ್ಥದ ಓಜಿಬ್ವೆ ಮಾತು. ಸರೋವರಗಳಲ್ಲಿ ತಾನಾಗಿ ಬೆಳೆಯುವ ಕಾಡಕ್ಕಿಯನ್ನು ಇಂದಿಗೂ ‘ಮನೋಮಿನ್’ ಎಂದೇ ಕರೆದು, ದೋಣಿಯಲ್ಲಿ ಕುಳಿತು ಕೋಲಿನಿಂದ ಬಡಿದು ಕೊಯ್ಯುತ್ತಾರೆ. ಇಟಾಸ್ಕಾದಿಂದ ಸುಮಾರು 50 ಕಿಲೋಮೀಟರ್ ದೂರದ ಬೆಮಿಜಿ ಪಟ್ಟಣದಲ್ಲಿ 2009ರ ಸುಮಾರಿಗೆ ಅಂಗಡಿ, ಹೋಟೆಲು, ಕಚೇರಿಗಳ ಫಲಕಗಳಲ್ಲಿ ಇಂಗ್ಲಿಷಿನೊಡನೆ ಓಜಿಬ್ವೆಯನ್ನೂ ಬರೆಯುವ ಕೆಲಸ ಆರಂಭವಾಯಿತು. ಬಾಗಿಲಲ್ಲಿ ‘ಬೂಜೂ’ ಎಂಬ ನಮಸ್ಕಾರ, ಹೊರಡುವಾಗ ‘ಮೀಗ್ವೆಚ್’ ಎಂಬ ಕೃತಜ್ಞತೆ: ಆರಂಭ ಇಷ್ಟು ಸಣ್ಣದು. ಹತ್ತಿರದ ಲೀಚ್ ಲೇಕ್ ಸೀಮೆಯಲ್ಲಿ ಮಕ್ಕಳಿಗೆ ಓಜಿಬ್ವೆ ಮಾಧ್ಯಮದಲ್ಲೇ ಪಾಠ ನಡೆಸುವ ತರಗತಿಗಳು ಬಂದವು. ಮಿನ್ನೆಸೋಟಾ ವಿಶ್ವವಿದ್ಯಾಲಯ ಹಿರಿಯರ ಉಚ್ಚಾರಣೆಯನ್ನು ಧ್ವನಿಮುದ್ರಿಸಿ, ಯಾರು ಬೇಕಾದರೂ ಕೇಳಬಹುದಾದ ಅಂತರ್ಜಾಲ ನಿಘಂಟನ್ನು ಸಿದ್ಧಪಡಿಸಿದೆ.

ನಮ್ಮ ಶಾಲೆಗಳಿಗೆ ಒಂದು ಪಾಠ

ಕಾಸರಗೋಡಿನ ಕನ್ನಡ ಊರಹೆಸರುಗಳ ಕುರಿತು 2021ರಲ್ಲಿ ನಡೆದ ಚರ್ಚೆ ಓದುಗರ ನೆನಪಿನಲ್ಲಿದೆ. ಕನ್ನಡಿಗರ ಸ್ಥಿತಿಯೂ ಓಜಿಬ್ವೆಯರ ಸ್ಥಿತಿಯೂ ಒಂದೇ ಅಲ್ಲ: ನಮಗೆ ಸಂವಿಧಾನದ 350ಎ ವಿಧಿಯ ಬೆಂಬಲವಿದೆ, ಶಾಲೆಗಳಿವೆ, ಪಕ್ಕದಲ್ಲಿ ಒಂದು ರಾಜ್ಯವೇ ಇದೆ. ಆದರೆ ಹೆಸರು ಮರೆಯಾಗುವ ಬಗೆ ಎರಡೂ ಕಡೆ ಒಂದೇ. ಮೊದಲು ಫಲಕದಲ್ಲಿ ಬದಲಾಗುತ್ತದೆ, ಆಮೇಲೆ ದಾಖಲೆಯಲ್ಲಿ, ಕೊನೆಗೆ ಮಕ್ಕಳ ಬಾಯಲ್ಲಿ. ಕಾಞಂಗಾಡಿನ ಹೊಸದುರ್ಗ ಎಂಬ ಹೆಸರು ಕೆಳದಿ ನಾಯಕರ ಕೋಟೆಯನ್ನು ನೆನಪಿಸುತ್ತದೆ. ಮೇಲೆ ಪಯಸ್ವಿನಿಯಾಗಿ ಹರಿಯುವ ಹೊಳೆ ಕೆಳಗೆ ಚಂದ್ರಗಿರಿಯಾಗುತ್ತದೆ. ಎರಡು ಹೆಸರೂ ಜನರಲ್ಲಿ ಬದುಕಿವೆ. ಒಂದು ಸ್ಥಳಕ್ಕೆ ಎರಡು ಭಾಷೆಗಳಲ್ಲಿ ಹೆಸರಿರುವುದು ದೋಷವಲ್ಲ, ಅದು ಆ ಸ್ಥಳದ ಚರಿತ್ರೆ.

ರಜೆಯಲ್ಲಿ ಶಾಲೆಯ ಮಕ್ಕಳನ್ನು ಕೆರೆಗೋ ಕಾಡಿನ ಅಂಚಿಗೋ ಕರೆದೊಯ್ಯುವ ಅಧ್ಯಾಪಕರೂ ಹೆತ್ತವರೂ ಅರಣ್ಯ ಇಲಾಖೆಯ ಅನುಮತಿ, ನೀರು, ಔಷಧಗಳ ಜೊತೆಗೆ ಒಂದು ನೋಟುಪುಸ್ತಕವನ್ನೂ ಇಟ್ಟುಕೊಳ್ಳಲಿ. ಆ ಕೆರೆ, ತೋಡು, ಗುಡ್ಡ, ಗದ್ದೆಗಳಿಗೆ ಮನೆಯ ಅಜ್ಜ ಅಜ್ಜಿಯರು ಹೇಳುವ ಹೆಸರು ಯಾವುದು, ಅದರ ಅರ್ಥವೇನು, ಈಗಿನ ಫಲಕದಲ್ಲಿ ಏನಿದೆ ಎಂದು ಮಕ್ಕಳು ಬರೆದಿಡಲಿ. ಕನ್ನಡದ ಹೆಸರಿನ ಪಕ್ಕದಲ್ಲಿ ತುಳು, ಮಲಯಾಳ, ಬಡಗ, ತೆಲುಗು, ಮರಾಠಿ ಹೆಸರುಗಳಿದ್ದರೆ ಅವೂ ಇರಲಿ. ಓಜಾವಿಂಡಿಬ್ ತೋರಿಸಿದ ಸರೋವರದ ಹೆಸರನ್ನು ಅಂದು ಬಂದವರು ಅವನ ಭಾಷೆಯಲ್ಲೇ ಬರೆದುಕೊಂಡಿದ್ದರೆ ಭೂಪಟದಲ್ಲಿ ಇಂದು ಅದೇ ಇರುತ್ತಿತ್ತು. ನಮ್ಮ ಊರುಗಳ ಹೆಸರನ್ನು ಬರೆದಿಡಲು ನಮಗಿನ್ನೂ ಕಾಲವಿದೆ.