ಕಂಪವಾತ: ಹೆಸರಿನೊಳಗಿಲ್ಲದ ಕಥೆ

ಪುಣೆಯ ಮರಾಠಿಗರಿಗೂ ನಮಗೂ ಪಾರ್ಕಿನ್ಸನ್ ಕಾಯಿಲೆಗೆ ಇರುವ ಹೆಸರು ಒಂದೇ: ಕಂಪವಾತ. ನಡುಗುವ ಕೈಯನ್ನು ಕಂಡು ಇಟ್ಟ ಹೆಸರು. ಒಳಗೆ ಮಿದುಳು ಸವೆಯುವ ಸಂಗತಿಗೆ ಅದರಲ್ಲಿ ಜಾಗವಿಲ್ಲ.

ಲಂಡನ್ನಿನ ವೈದ್ಯ ಜೇಮ್ಸ್ ಪಾರ್ಕಿನ್ಸನ್ 1817ರಲ್ಲಿ ಬರೆದ ಪ್ರಬಂಧದ ಶೀರ್ಷಿಕೆಯಲ್ಲಿಯೂ ನಡುಕವೇ ಮುಂದು. (‘ಓಲ್ಡ್ ಹ್ಯೂಬರ್ಟ್’ ಎಂಬ ಗುಪ್ತನಾಮದಲ್ಲಿ ಸರ್ಕಾರದ ವಿರುದ್ಧ ಕರಪತ್ರಗಳನ್ನು ಬರೆದವನೂ ಈತನೇ, ಸರ್ಕಾರಿ ನೌಕರನಾದ ನನಗೆ ಅವನ ಧೈರ್ಯದ ಬಗ್ಗೆ ತುಸು ಅಸೂಯೆಯಿದೆ.) ಆತ ವರ್ಣಿಸಿದ್ದು ಆರು ರೋಗಿಗಳನ್ನು. ಅವರಲ್ಲಿ ಕೆಲವರನ್ನು ಕಂಡದ್ದು ಬೀದಿಯಲ್ಲಿ. ಯಾರ ಮಿದುಳನ್ನೂ ತೆರೆದು ನೋಡುವ ಅವಕಾಶ ಅವನಿಗೆ ಒದಗಲಿಲ್ಲ. ದೋಷವು ಕತ್ತಿನ ಭಾಗದ ಬೆನ್ನುಹುರಿಯಲ್ಲಿರಬೇಕೆಂದು ಊಹಿಸಿದ. ಬುದ್ಧಿಗೆ ಧಕ್ಕೆಯಿಲ್ಲವೆಂದೂ ಬರೆದ.

ಆ ಮಾತನ್ನೇ ನಮ್ಮ ಮನೆಯಲ್ಲಿಯೂ ನಂಬಿದ್ದೆವು. ಧಾರವಾಡ ಬಿಟ್ಟು ನಮ್ಮೊಡನೆ ಇರಲು ಬಂದ ತಂದೆಯವರಿಗೆ ನಡುಕ ಹೆಚ್ಚಿರಲಿಲ್ಲ, ನಡಿಗೆ ಮಾತ್ರ ನಿಧಾನವಾಗಿತ್ತು. ಒಂದು ಸಂಜೆ ನನ್ನ ಹೆಂಡತಿಯನ್ನು ಕರೆದು, “ಆ ಹುಡುಗ್ರಿಗೆ ಏನರ ತಿನ್ನಲಿಕ್ಕೆ ಕೊಡವಾ” ಎಂದರು. ಕೋಣೆಯಲ್ಲಿ ಮಕ್ಕಳಾರೂ ಇರಲಿಲ್ಲ. ನಾನು ಗದರಿದೆ. ವೈದ್ಯರ ಬಳಿಗೆ ಹೋದಾಗ ಕೈಕಾಲಿನ ವಿಷಯ ಹೇಳಿದೆವು, ಮಕ್ಕಳ ವಿಷಯ ಮುಚ್ಚಿಟ್ಟೆವು. ನಾಚಿಕೆ, ಬೇರೇನಲ್ಲ.

ಆ ಮಕ್ಕಳ ಸುಳಿವು ವೈದ್ಯಶಾಸ್ತ್ರಕ್ಕೆ ಸಿಕ್ಕಿದ್ದು ಸತ್ತವರ ಮಿದುಳಿನಿಂದ. 1912ರಲ್ಲಿ ಜರ್ಮನಿಯ ಫ್ರೆಡರಿಕ್ ಲೆವಿ ಇಂಥ ರೋಗಿಗಳ ನರಕೋಶಗಳೊಳಗೆ ವಿಚಿತ್ರ ಉಂಡೆಗಳನ್ನು ಗುರುತಿಸಿದ. 1919ರಲ್ಲಿ ಟ್ರೆಟಿಯಾಕಾಫ್ ಎಂಬಾತ ಪ್ಯಾರಿಸ್ಸಿನಲ್ಲಿ ಸಲ್ಲಿಸಿದ ಪ್ರಬಂಧದಲ್ಲಿ ಅವಕ್ಕೆ ಲೆವಿಯ ಹೆಸರಿಟ್ಟು, ನಡುಮಿದುಳಿನ ಕಪ್ಪು ಭಾಗವು ಕೋಶಗಳನ್ನು ಕಳೆದುಕೊಂಡಿರುವುದನ್ನು ತೋರಿಸಿದ. ಆರೋಗ್ಯವಂತರ ನಡುಮಿದುಳನ್ನು ಅಡ್ಡಲಾಗಿ ಕೊಯ್ದರೆ ಎರಡು ಕಪ್ಪು ಪಟ್ಟಿಗಳು ಬರಿಗಣ್ಣಿಗೇ ಕಾಣುತ್ತವೆ. ರೋಗಿಯಲ್ಲಿ ಅವು ಒಗೆದೊಗೆದು ಬಣ್ಣಗೆಟ್ಟ ಬಟ್ಟೆಯ ಅಂಚಿನಂತೆ ಮಾಸಿರುತ್ತವೆ. ಕೈ ನಡುಗಲು ತೊಡಗುವ ಹೊತ್ತಿಗೆ ಅಲ್ಲಿಯ ಕೋಶಗಳಲ್ಲಿ ದೊಡ್ಡ ಪಾಲು ಹೋಗಿಯೇ ಬಿಟ್ಟಿರುತ್ತದೆ.

ಬುದ್ಧಿಯ ಪ್ರಶ್ನೆ ಇನ್ನೂ ತಡವಾಗಿ ಬಿಡಿಸಿಕೊಂಡಿತು. 1976ರಲ್ಲಿ ಜಪಾನಿನ ಕೆಂಜಿ ಕೊಸಾಕ ಮರೆಗುಳಿತನವಿದ್ದ ರೋಗಿಯೊಬ್ಬರಲ್ಲಿ ಅದೇ ಉಂಡೆಗಳು ಮಿದುಳಿನ ಹೊರಪದರಕ್ಕೂ ಹಬ್ಬಿರುವುದನ್ನು ವರದಿ ಮಾಡಿದರು. ಇಲ್ಲದ ಮನುಷ್ಯರು, ಮಕ್ಕಳು, ಪ್ರಾಣಿಗಳು ಕಣ್ಣಿಗೆ ಕಟ್ಟಿದಂತೆ ಕಾಣುವುದು ಲೆವಿ ಬಾಡಿ ಡಿಮೆನ್ಷಿಯಾದ ಮುಖ್ಯ ಲಕ್ಷಣವೆಂದು ಇಂದು ಗೊತ್ತು. ಸ್ಕ್ಯಾನ್ ಇಲ್ಲಿ ಮೋಸ ಮಾಡಬಹುದು: ಅಲ್ಜೈಮರ್‌ನಲ್ಲಿ ನೆನಪಿನ ಕೇಂದ್ರವಾದ ಹಿಪ್ಪೊಕ್ಯಾಂಪಸ್ ಬೇಗ ಕುಗ್ಗುತ್ತದೆ, ಇದರಲ್ಲಿ ಅಷ್ಟಾಗಿ ಕುಗ್ಗದಿರಬಹುದು. ಇನ್ನೊಂದು ಅಪಾಯವೂ ಉಂಟು. ಭ್ರಮೆಯನ್ನು ಹತ್ತಿಕ್ಕಲು ಕೊಡುವ ಹ್ಯಾಲೊಪೆರಿಡಾಲ್‌ನಂಥ ಔಷಧಿಗಳು ಈ ರೋಗಿಗಳಿಗೆ ಪ್ರಾಣಾಂತಿಕವಾಗಬಲ್ಲವು. ಮನೆಯವರು ಮುಚ್ಚಿಟ್ಟ ಮಾತಿನ ಬೆಲೆ ಅಷ್ಟು.

ನಮ್ಮವರ ಮಿದುಳುಗಳಲ್ಲೇ ಇದನ್ನೆಲ್ಲ ಹುಡುಕಬೇಕೆಂದು ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 1995ರಲ್ಲಿ ಮಿದುಳು ಸಂಗ್ರಹಾಲಯ ಆರಂಭವಾಯಿತು. ಅದರ ಹಿಂದೆ ನರರೋಗಶಾಸ್ತ್ರಜ್ಞ ಡಾ. ಎಸ್. ಕೆ. ಶಂಕರ್ ಅವರ ಶ್ರಮವಿದೆ. ಕುಟುಂಬದವರು ಒಪ್ಪಿ ಕೊಟ್ಟ ಮಿದುಳುಗಳು ಅಲ್ಲಿ ಸಂಶೋಧನೆಗೆ ಒದಗುತ್ತವೆ.

ತಂದೆಯವರು ತೀರಿಕೊಂಡಾಗ ಅಂಥದೊಂದು ಇದೆಯೆಂಬುದೇ ನಮಗೆ ತಿಳಿದಿರಲಿಲ್ಲ. ವೈಕುಂಠ ಸ್ಮಶಾನದಲ್ಲಿ ದಹನ ಮುಗಿಸಿ ಬಂದೆವು. ಅವರಿಗೆ ಇದೇ ಇತ್ತೆಂದು ನಾನು ಆಣೆಯಿಟ್ಟು ಹೇಳಲಾರೆ, ನೋಡಿದವರಿಲ್ಲ. ಕೊನೆಯ ತಿಂಗಳುಗಳಲ್ಲಿ ನನ್ನ ಹೆಂಡತಿ ಮಾತ್ರ ಸಂಜೆಯಾದೊಡನೆ ಒಂದು ತಟ್ಟೆಯಲ್ಲಿ ನಾಲ್ಕು ಬಿಸ್ಕತ್ತು ಇಟ್ಟು ಅವರ ಕುರ್ಚಿಯ ಪಕ್ಕದಲ್ಲಿ ಇರಿಸುತ್ತಿದ್ದಳು. ಅವರು ಸುಮ್ಮನಾಗುತ್ತಿದ್ದರು.