ಒಲ್ಲೆನೆಂದ ಲೇಖಕಿ

ತನ್ನ ಕೃತಿಯನ್ನು ಚಲನಚಿತ್ರಕ್ಕೆ ಕೊಡುವುದೆಂದರೆ ಮಗಳನ್ನು ಧಾರೆಯೆರೆದು ಕೊಟ್ಟಂತೆ. ಆಮೇಲೆ ಆ ಮನೆಯ ರೀತಿನೀತಿಗಳೇ ಬೇರೆ. ಹಾಗೆ ಕೊಡಲು ಸುಮಾರು ಇಪ್ಪತ್ತು ವರ್ಷ ಒಪ್ಪದಿದ್ದ ಲೇಖಕಿಯೊಬ್ಬರಿದ್ದರು. ಅವರು ‘ಮೇರಿ ಪಾಪಿನ್ಸ್’ ಕಥೆಗಳನ್ನು ಬರೆದ ಪಿ. ಎಲ್. ಟ್ರಾವರ್ಸ್. ಅವರ ಹಠವೇ ಮುಂದೆ ಒಂದು ಚಲನಚಿತ್ರದ ವಸ್ತುವಾಯಿತು. 2013ರಲ್ಲಿ ತೆರೆಕಂಡ ಆ ಚಿತ್ರದ ಹೆಸರು ‘ಸೇವಿಂಗ್ ಮಿಸ್ಟರ್ ಬ್ಯಾಂಕ್ಸ್’. ಎಮ್ಮಾ ಥಾಮ್ಸನ್ ಲೇಖಕಿಯಾಗಿಯೂ ಟಾಮ್ ಹ್ಯಾಂಕ್ಸ್ ವಾಲ್ಟ್ ಡಿಸ್ನಿಯಾಗಿಯೂ ಅಭಿನಯಿಸಿದ್ದಾರೆ.

ಚಿತ್ರ ಹೇಳುವ ಕಥೆ ಮನಮುಟ್ಟುವಂಥದು. ಟ್ರಾವರ್ಸ್ ಹುಟ್ಟಿದ್ದು 1899ರಲ್ಲಿ, ಆಸ್ಟ್ರೇಲಿಯದಲ್ಲಿ. ಹುಟ್ಟುಹೆಸರು ಹೆಲನ್ ಲಿಂಡನ್ ಗಾಫ್. ಬ್ಯಾಂಕಿನ ಅಧಿಕಾರಿಯಾಗಿದ್ದ ತಂದೆ ಕೆಳಗಿನ ಹುದ್ದೆಗಿಳಿದು, ಮಗಳಿಗೆ ಏಳು ವರ್ಷವಾಗಿದ್ದಾಗ ತೀರಿಕೊಂಡರು. ತಂದೆಯ ಹೆಸರಾದ ಟ್ರಾವರ್ಸ್ ಎಂಬುದನ್ನೇ ಮಗಳು ತನ್ನದಾಗಿಸಿಕೊಂಡಳು. ಆ ನೋವನ್ನು ಡಿಸ್ನಿ ಅರಿತರು, ಲೇಖಕಿಯ ಮನಸ್ಸು ಕರಗಿತು, ಹಕ್ಕು ಕೈಸೇರಿತು — ಇದು ಚಿತ್ರದ ವಾದ.

ದಾಖಲೆಗಳು ಹೇಳುವುದು ಬೇರೆ. ಚಿತ್ರಕಥೆಗೆ ತಮ್ಮ ಒಪ್ಪಿಗೆ ಬೇಕೆಂಬ ಕರಾರಿನೊಡನೆ ಟ್ರಾವರ್ಸ್ 1961ರಲ್ಲಿ ಲಾಸ್ ಏಂಜಲೀಸಿಗೆ ಹೋದರು. ಚರ್ಚೆಯನ್ನೆಲ್ಲ ಧ್ವನಿಮುದ್ರಿಸಬೇಕೆಂದು ಪಟ್ಟು ಹಿಡಿದವರೂ ಅವರೇ. ಆ ಸುರುಳಿಗಳು ಇಂದಿಗೂ ಉಳಿದಿವೆ. ಅವುಗಳಲ್ಲಿ ಕೇಳುವುದು ಗಾಯಗೊಂಡ ಮಗುವಿನ ಅಳಲಲ್ಲ. ಒಂದೊಂದು ಸಾಲನ್ನೂ ಒರೆಗೆ ಹಚ್ಚುವ ಬರಹಗಾರ್ತಿಯ ದನಿ. ಡಿಸ್ನಿಯಾದರೋ ಆ ಮಾತುಕತೆಗಳ ಬಹುಭಾಗದಲ್ಲಿ ಇರಲೇ ಇಲ್ಲ.

ಅವರ ಆಕ್ಷೇಪಗಳಿಗೆ ಆಧಾರವಿಲ್ಲದಿರಲಿಲ್ಲ. 1934ರ ಮೊದಲ ಪುಸ್ತಕದ ಮೇರಿ ಪಾಪಿನ್ಸ್ ಬಿಗುಮಾನದವಳು, ಚುರುಕು ನಾಲಗೆಯವಳು, ಕನ್ನಡಿಯಲ್ಲಿ ತನ್ನನ್ನೇ ನೋಡಿಕೊಂಡು ಮೆಚ್ಚುವವಳು. ಯಾವ ಅದ್ಭುತಕ್ಕೂ ವಿವರಣೆ ಕೊಡದವಳು. ತೆರೆಯ ಮೇಲೆ ಅವಳು ಮಧುರವಾಗಿ ಹಾಡುವ ಚೆಲುವೆಯಾದಳು. ಪುಸ್ತಕದ ಕಾಲ ಮೂವತ್ತರ ದಶಕ. ಚಿತ್ರದ ಕಾಲ 1910. ಪುಸ್ತಕದಲ್ಲಿ ನಾಲ್ಕು ಮಕ್ಕಳು, ಚಿತ್ರದಲ್ಲಿ ಇಬ್ಬರು. ಪುಸ್ತಕದ ತಾಯಿ ಚಿತ್ರದಲ್ಲಿ ಸ್ತ್ರೀಯರ ಮತದಾನದ ಹಕ್ಕಿಗಾಗಿ ಹೋರಾಡುವವಳಾದಳು. ಲೇಖಕಿಗೆ ಎಲ್ಲಕ್ಕಿಂತ ಸಹಿಸಲಾಗದ್ದು ಚಲಿಸುವ ರೇಖಾಚಿತ್ರಗಳ ಭಾಗ.

1964ರ ಆಗಸ್ಟಿನಲ್ಲಿ ಚಿತ್ರದ ಪ್ರಥಮ ಪ್ರದರ್ಶನ ನಡೆಯಿತು. ಕೃತಿಕಾರ್ತಿಗೆ ಆಹ್ವಾನವಿರಲಿಲ್ಲ; ತಾವಾಗಿ ಕೇಳಿ ಪಡೆದರು. ನೋಡುತ್ತ ಅತ್ತರು. ರೇಖಾಚಿತ್ರಗಳನ್ನು ತೆಗೆಯಬೇಕೆಂದು ಅಂದೇ ಡಿಸ್ನಿಯನ್ನು ಕೇಳಿದರು. ಕಾಲ ಮೀರಿತೆಂಬ ಅರ್ಥದ ಉತ್ತರ ಬಂತೆಂದು ಗೀತರಚನಕಾರ ರಿಚರ್ಡ್ ಶೆರ್ಮನ್ ಹೇಳಿದ್ದಾರೆ. ಚಿತ್ರಕ್ಕೆ ಐದು ಆಸ್ಕರ್‌ಗಳು ಸಂದವು, ಲೋಕ ಮೆಚ್ಚಿತು. ಆದರೆ ಲೇಖಕಿ ಬದುಕಿರುವತನಕ ಅದರ ಮುಂದಿನ ಭಾಗ ತೆರೆಗೆ ಬರಲಿಲ್ಲ. ಮುದಿವಯಸ್ಸಿನಲ್ಲಿ ರಂಗರೂಪಕ್ಕೆ ಒಪ್ಪಿದಾಗಲೂ, ಆಂಗ್ಲರೇ ಬರೆಯಬೇಕು, ಆ ಚಿತ್ರಕ್ಕೆ ದುಡಿದವರು ಕೂಡದು ಎಂಬ ಷರತ್ತು ಹಾಕಿದರು. 1996ರಲ್ಲಿ ಅವರು ತೀರಿಕೊಂಡರು. 2004ರ ರಂಗಪ್ರಯೋಗದಲ್ಲಿ ಡಿಸ್ನಿ ಸಂಸ್ಥೆ ಪಾಲುದಾರನಾಯಿತು. ಶೆರ್ಮನ್ ಸೋದರರ ಹಾಡುಗಳೂ ಬಂದವು. ಮುಂದಿನ ಭಾಗ 2018ರಲ್ಲಿ ತೆರೆಗೆ ಬಂತು.

2013ರ ಚಿತ್ರವೂ ಆ ಕಣ್ಣೀರನ್ನು ತೋರಿಸುತ್ತದೆ; ಆದರೆ ಹಗುರಾದ ಎದೆಯ ಕಣ್ಣೀರೆಂಬಂತೆ. ಅದನ್ನು ನಿರ್ಮಿಸಿದವರು ಡಿಸ್ನಿ ಸಂಸ್ಥೆಯವರೇ ಎಂಬುದನ್ನು ಇಲ್ಲಿ ಮರೆಯಬಾರದು. ಗೆದ್ದ ಅರಸನ ಶಾಸನದಲ್ಲಿ ಸೋತವನು ಸಂತೋಷದಿಂದಲೇ ಕಪ್ಪ ಒಪ್ಪಿಸುತ್ತಾನಲ್ಲವೆ? ಕೃತಿಯ ಹಕ್ಕನ್ನು ಕೊಂಡವರು, ಕೃತಿಕಾರ್ತಿಯ ನಿರಾಕರಣೆಗೆ ಅರ್ಥ ಹೇಳುವ ಅಧಿಕಾರವನ್ನೂ ಕೈಗೆ ತೆಗೆದುಕೊಂಡರು. ವಿಮರ್ಶೆಯಾಗಿದ್ದುದು ವ್ಯಥೆಯಾಯಿತು, ‘ಇದು ನನ್ನ ಪುಸ್ತಕವಲ್ಲ’ ಎಂಬ ನಿಲುವು ‘ಅಪ್ಪನನ್ನು ಮರೆಯಲಾರೆ’ ಎಂಬ ಕೊರಗಾಯಿತು.

ಆದರೂ ಚಿತ್ರ ಮುಗಿದು ಹೆಸರುಗಳು ಮೂಡುವಾಗ ಮೂಲ ಧ್ವನಿಸುರುಳಿಯ ಒಂದು ತುಣುಕನ್ನು ಕೇಳಿಸುತ್ತಾರೆ. ಅಲ್ಲಿ ಟ್ರಾವರ್ಸ್ ಅವರ ನಿಜವಾದ ದನಿಯೇ ಇದೆ: ಖಚಿತ, ನಿಷ್ಠುರ, ಸ್ವಲ್ಪವೂ ಕರಗದ್ದು. ಎದ್ದು ಹೊರಡುವ ಪ್ರೇಕ್ಷಕರು ಒಂದು ಗಳಿಗೆ ಕುಳಿತು ಅದನ್ನು ಕೇಳಬೇಕು. ಇತಿಹಾಸ ಇರುವುದು ಅಲ್ಲಿ.